ಕಲ್ಲಿಗೆ ಮೂರು ಗೇಣು

ನಮ್ಮ ಮನೆಯನ್ನು ಎರಡೂರಿನವರೂ ‘ಗೇಣಗಲ್ಲಿನವರ ಮನಿ’ ಎಂದು ಕರೆಯುತ್ತಿದ್ದರು. ನಮಗೆ ಬೇರೆ ಅಡ್ಡಹೆಸರೊಂದು ಇತ್ತು. ಅದನ್ನು ಹೇಳಿದರೆ ಯಾರಿಗೂ ಗುರುತು ಸಿಗುತ್ತಿರಲಿಲ್ಲ. ಮುಧೋಳದ ಸಂತೆಯಲ್ಲಿ ಬಳೆ ಇಡುವವಳು ನನ್ನ ಕೈ ಹಿಡಿದು ಯಾರ ಮಗಳು ಎಂದು ಕೇಳಿದರೆ, ಗೇಣಗಲ್ಲಿನವರ ಮಗಳು ಎಂದು ಗದ್ದ ಎತ್ತಿ ಹೇಳುತ್ತಿದ್ದೆ. ಹಾಗೆ ಹೇಳುವಾಗ ಬರುತ್ತಿದ್ದ ಸೊಕ್ಕು ಈಗಲೂ ನೆನಪಿದೆ. ಹಿತ್ತಲ ಬಾಗಿಲು ತೆಗೆದರೆ ಕಾಲುವೆ. ಕಾಲುವೆಯ ದಂಡೆಗೆ ಒತ್ತಿ ನೆಟ್ಟ ಒಂದು ಕರಿಕಲ್ಲು. ಅದರ ಮೈಮೇಲೆ ಗೇಣಿಗೊಂದರಂತೆ ಉಳಿಯಿಂದ ಕಡಿದ ಗೆರೆಗಳು. ಅದನ್ನು ನೆಟ್ಟವನು ನನ್ನ ಅಜ್ಜ. ನಾನು ಹುಟ್ಟುವ ಮೊದಲೇ ಅವನು ಹೋಗಿದ್ದ. ಅವನ ಕಲ್ಲು ಮಾತ್ರ ಮನೆಯ ಹಿರಿಯನ ಹಾಗೆ ಹಿತ್ತಲಲ್ಲಿ ನಿಂತುಕೊಂಡಿತ್ತು, ಅದರ ಮಾತಿಗೆ ಮನೆಯಲ್ಲಿ ಯಾರೂ ಎದುರಾಡುವಂತಿರಲಿಲ್ಲ.

ಊರ ಮೇಲಿನ ಹಳ್ಳಕ್ಕೆ ಹಳೆಯ ಕಾಲದ ಒಂದು ಕಲ್ಲೊಡ್ಡು ಇತ್ತು. ಅಲ್ಲಿಂದ ಹೊರಟ ಕಾಲುವೆ ಮೊದಲು ನಮ್ಮೂರಿನ ಹೊಲಗಳಿಗೆ ನೀರು ಕೊಟ್ಟು, ನಮ್ಮ ಹಿತ್ತಲು ಹಾಯ್ದು, ಕೆಳಗಿನೂರಿಗೆ ಹೋಗುತ್ತಿತ್ತು. ಮೇಲಿನವರೇ ಎಲ್ಲವನ್ನೂ ಹೀರಿಕೊಂಡರೆ ಕೆಳಗಿನವರು ಏನು ಮಾಡಬೇಕು? ಸಂಸ್ಥಾನದ ಕಾಲದಲ್ಲಿ ಇದೇ ಮಾತಿಗೆ ತಲೆಗಳು ಒಡೆದಿದ್ದವಂತೆ. ಕೊನೆಗೆ ಎರಡೂರಿನ ಹಿರಿಯರು ಬೀರಪ್ಪನ ಗುಡಿಯಲ್ಲಿ ಕೂತು ಒಂದು ಮಾತಿಗೆ ಬಂದಿದ್ದರು. ನಮ್ಮೂರಿನ ಹೊಲಗಳು ಮುಗಿಯುವಲ್ಲಿ ಒಂದು ಕಲ್ಲು, ಆ ಕಲ್ಲಿಗೆ ಮೂರು ಗೇಣು ನೀರು. ಅಷ್ಟು ನೀರು ಇದ್ದರೆ ನಮ್ಮೂರಿನವರು ತಮ್ಮ ತೂಬುಗಳನ್ನು ಬೇಕಾದಷ್ಟು ತೆರೆದುಕೊಳ್ಳಬಹುದು. ಕಡಿಮೆಯಾದರೆ ಮೂರು ಗೇಣು ಆಗುವವರೆಗೆ ಮುಚ್ಚಬೇಕು. ನೋಡಿ ಹೇಳುವ ಹಕ್ಕು ನಮ್ಮ ಮನೆಗೆ ಬಂತು, ಯಾಕೆಂದರೆ ಬೀರಪ್ಪನ ಪೂಜೆಯೂ ನಮ್ಮ ಮನೆಯದೇ ಇತ್ತು. ಅಪ್ಪ ದಿನವೂ ನಸುಕಿನಲ್ಲಿ ಮೈತೊಳೆದು, ಹೆಗಲಿಗೆ ಕಂಬಳಿ ಹಾಕಿಕೊಂಡು, ಬೀರಪ್ಪನ ಅರಿಸಿನಪುಡಿಯ, ಅಂದರೆ ಭಂಡಾರದ, ಚೀಲ ಹಿಡಿದು ಕಾಲುವೆಗೆ ಹೋಗುತ್ತಿದ್ದ. ಆಚೆ ದಂಡೆಯಲ್ಲಿ ಕೆಳಗಿನೂರಿನ ಒಬ್ಬ ಸಾಕ್ಷಿ ಬಂದು ನಿಂತಿರುತ್ತಿದ್ದ. ಅಪ್ಪ ಕಲ್ಲು ನೋಡಿ, ಚಿಟಿಕೆ ಭಂಡಾರವನ್ನು ಅದರ ನೆತ್ತಿಗೆ ಹಚ್ಚಿ, ‘ಬೀರಪ್ಪನಾಣಿ, ಮೂರ ಗೇಣ ಐತಿ’ ಎಂದು ಗಟ್ಟಿಯಾಗಿ ಹೇಳುತ್ತಿದ್ದ. ಅಲ್ಲಿಗೆ ದಿನದ ಕೋರ್ಟು ಮುಗಿಯುತ್ತಿತ್ತು.

ಮನೆ ದೊಡ್ಡದೇನಲ್ಲ. ಒಳಗೆ ಕಾಲಿಟ್ಟರೆ ದನ ಕಟ್ಟುವ ಜಾಗ, ಮೂರು ಮೆಟ್ಟಿಲು ಏರಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ ಮತ್ತು ದೇವರ ಜಗಲಿ. ಮಣ್ಣಿನ ಮಾಳಿಗೆಯಲ್ಲಿದ್ದ ಬೆಳಕಿಂಡಿಯಿಂದ ಬಿಸಿಲು ಕಂಬದ ಹಾಗೆ ಇಳಿಯುತ್ತಿತ್ತು. ಪಡಸಾಲೆಯ ನಡುಗಂಬಕ್ಕೆ ಒರಗಿ ಆಯಿ, ಅಂದರೆ ನನ್ನ ಅಪ್ಪನ ತಾಯಿ, ಉಣ್ಣೆ ನೂಲುತ್ತ ಕೂತಿರುತ್ತಿದ್ದಳು. ಅವಳ ಕೈಯಲ್ಲಿ ಕದರು ಸುತ್ತುತ್ತಿದ್ದರೂ ಕಣ್ಣು ಮಾತ್ರ ಒಲೆಯಿಂದ ಹಿತ್ತಲವರೆಗೆ ಎಲ್ಲ ಕಡೆ ಇರುತ್ತಿತ್ತು. ಗಂಡ ನೆಟ್ಟ ಕಲ್ಲಿಗೆ ಅಮಾವಾಸ್ಯೆಗೊಮ್ಮೆ ತಾನೇ ಎಡೆ ಹಿಡಿಯುತ್ತಿದ್ದಳು. ಕಾಯಿ ಒಡೆಯಲು ಅಪ್ಪನಿಗೂ ಬಿಡುತ್ತಿರಲಿಲ್ಲ.

ಅವ್ವ ಕೆಳಗಿನೂರಿನವಳು. ಹೊಸ ಹೆಣ್ಣಾಗಿ ಬಂದ ವರ್ಷ ಅವಳು ಬಟ್ಟೆ ಒಗೆಯಲು ಗಂಟು ಹೊತ್ತು ಹಳ್ಳದವರೆಗೆ ಹೋಗಿಬರುವುದನ್ನು ನೋಡಲಾರದೆ ಅಪ್ಪ ಒಂದು ಕೆಲಸ ಮಾಡಿದ್ದ. ಲೋಕಾಪುರದ ಕಡೆಯಿಂದ ಗಾಡಿಯಲ್ಲಿ ಹಾಸುಗಲ್ಲು ತರಿಸಿ, ಗೇಣಗಲ್ಲಿನಿಂದ ಸ್ವಲ್ಪ ಕೆಳಗೆ, ಕಾಲುವೆಯ ಈ ದಂಡೆಯಿಂದ ಆ ದಂಡೆಗೆ, ಒಂದರ ಮೇಲೊಂದು ಹಾಸಿದ್ದ. ಅದರ ಮೇಲೆ ನಿಂತರೆ ನೀರು ಮೀನಖಂಡಕ್ಕೆ ಬರುತ್ತಿತ್ತು, ಸೀರೆ ನೆನೆಯುತ್ತಿರಲಿಲ್ಲ. ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟಿ, ಬಾಗಿಲಿಗೆ ಒಂದು ತಟ್ಟಿ ಇಟ್ಟು, ಹೆಂಗಸರ ಜಾಗ ಮಾಡಿದ. ಹೆಂಡತಿಗೆ ಒಂದು ಬುಗುಡಿ ಮಾಡಿಸಿಕೊಡದಿದ್ದವನು ಕಲ್ಲು ಹಾಸಿಕೊಟ್ಟ ಎಂದು ಓಣಿಯ ಹೆಂಗಸರು ನಗುತ್ತಿದ್ದರು, ನಕ್ಕವರೇ ಮರುದಿನ ಗಂಟು ಹೊತ್ತು ಅಲ್ಲಿಗೇ ಬರುತ್ತಿದ್ದರು. ನಮ್ಮ ಕಡೆ ಹೆಂಗಸರ ಜಾಗವೆಂದರೆ ಗಂಡಸರು ಆ ಕಡೆ ಮುಖ ಹೊರಳಿಸುವುದೂ ಇಲ್ಲ. ವರ್ಷಕ್ಕೊಮ್ಮೆ ಎರಡೂರಿನ ಗಂಡಸರು ಕಾಲುವೆಯ ಹೂಳು ತೆಗೆಯುತ್ತ ಬಂದರೆ, ನಮ್ಮ ಬೇಲಿಯ ಹತ್ತಿರ ದಂಡೆ ಹತ್ತಿ, ಸುತ್ತು ಹಾಕಿ, ಬೇಲಿ ದಾಟಿದ ಮೇಲೆ ಮತ್ತೆ ಇಳಿಯುತ್ತಿದ್ದರು. ಬೇಲಿಯೊಳಗಿನದನ್ನು ಹೆಂಗಸರೇ ಬಳಿದುಕೊಳ್ಳಬೇಕು ಎಂಬುದು ರೂಢಿ.

ಅವ್ವ ಬಂದ ಮೇಲೆ ಇನ್ನೊಂದು ಸಂಗತಿ ನಡೆದಿತ್ತು. ಅದಕ್ಕಿಂತ ಮೊದಲು ಬೇಸಿಗೆ ಬಂತೆಂದರೆ ಕಲ್ಲಿನ ಮೇಲೆ ನೀರು ಇಳಿಯುತ್ತಿತ್ತು, ನಮ್ಮೂರಿನ ತೂಬುಗಳು ಮುಚ್ಚುತ್ತಿದ್ದವು, ಜಗಳ ಆಗುತ್ತಿತ್ತು. ಅವ್ವ ಹೊಸ್ತಿಲು ತುಳಿದ ವರ್ಷದಿಂದ ಕಲ್ಲು ಮೂರು ಗೇಣಿನ ಕೆಳಗೆ ಇಳಿದದ್ದೇ ಇಲ್ಲ. ಆಯಿ ಇದನ್ನು ಊರ ತುಂಬ ಹೇಳಿಕೊಂಡು ಬಂದಳು. ತನ್ನ ಸೊಸೆಯ ಕಾಲ್ಗುಣ ಅಂಥದು, ಗಂಗವ್ವನೇ ಅವಳ ಹಿಂದೆ ನಡೆದು ಬಂದಿದ್ದಾಳೆ ಎಂದು. ಮದುವೆ ಮನೆಗಳಲ್ಲಿ ಐದು ಜನ ಮುತ್ತೈದೆಯರನ್ನು ಕರೆಯುವಾಗ ಮೊದಲ ಹೆಸರು ಅವ್ವನದು. ಹೊಸ ಬಾವಿ ತೋಡುವವರು ಅವಳನ್ನು ಕರೆದುಕೊಂಡು ಹೋಗಿ ನೆಲದ ಮೇಲೆ ಹೆಜ್ಜೆ ಇಡಿಸುತ್ತಿದ್ದರು. ಅವ್ವ ನಾಚಿಕೊಂಡು ಹೋಗುತ್ತಿದ್ದಳು. ಆದರೆ ಮನಸ್ಸಿನೊಳಗೆ ಅವಳಿಗೂ ಅದರ ಬಗ್ಗೆ ಹಿಗ್ಗು ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಕೆಳಗಿನೂರಿನಲ್ಲಿ ಮಾತ್ರ ಕಬ್ಬು ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತ ಬಂತು. ಅಲ್ಲಿನವರು ಮೊದಲು ತಮ್ಮತಮ್ಮಲ್ಲೇ ಒಬ್ಬರ ಮೇಲೊಬ್ಬರು ಗುಮಾನಿ ಪಟ್ಟರು, ನೀರು ಕದಿಯುವ ಮನೆ ಯಾವುದೆಂದು ಹುಡುಕಿದರು. ಕಾಲುವೆಯ ಕಟ್ಟಕಡೆಗಿದ್ದ ಹೊಲ ನನ್ನ ಸೋದರಮಾವನದು. ಅವ್ವನ ಅಣ್ಣ ಸಿದ್ದಪ್ಪ ಮಾವ. ಅವನ ಮೆಣಸಿನಗಿಡ ಎರಡು ವರ್ಷ ಹೂವಿಗೇ ನಿಂತುಹೋಯಿತು. ಅವ್ವ ತವರಿಗೆ ಹೋದಾಗೆಲ್ಲ, ನಮ್ಮ ಮನಿ ಕಲ್ಲು ಸುಳ್ಳು ಹೇಳುವುದಿಲ್ಲ, ನಿಮ್ಮೂರಲ್ಲೇ ನೋಡಿಕೊಳ್ಳಿ ಎಂದು ಗಂಡನ ಮನೆಯ ಪರ ವಾದಿಸಿ ಬರುತ್ತಿದ್ದಳಂತೆ. ಒಮ್ಮೆ ಆ ಮಾತು ಬೆಳೆದು, ಹಾಗಾದರೆ ನಾವು ಕಳ್ಳರೇನು ಎಂದು ಮಾವ ಊಟ ಬಿಟ್ಟು ಎದ್ದ. ಆ ವರ್ಷ ನಾಗಪಂಚಮಿಗೆ ಅವನು ತಂಗಿಯನ್ನು ಕರೆಯಲು ಬರಲಿಲ್ಲ.

ನಮ್ಮ ಸೀಮೆಯಲ್ಲಿ ಇದರ ಅರ್ಥ ಏನೆಂದು ಹೇಳಬೇಕಾಗಿಲ್ಲ. ಅಣ್ಣನಿದ್ದೂ ಪಂಚಮಿಗೆ ಗಾಡಿ ಬಾರದ ಹೆಣ್ಣಿಗೆ ತವರಿಲ್ಲ ಎಂದೇ ಲೆಕ್ಕ. ಅವ್ವ ಆ ದಿನ ಬೆಳಗಿನಿಂದ ಮಾಳಿಗೆ ಹತ್ತಿ ಕೆಳಗಿನೂರಿನ ದಾರಿ ನೋಡಿದಳು. ಒಣಹಾಕಿದ ಶೇಂಗಾ ಹೊರಳಿಸುತ್ತೇನೆ ಎಂದು ನೆಪ. ಮಧ್ಯಾಹ್ನ ಇಳಿದುಬಂದು, ತವರಿಗೆ ಒಯ್ಯಲೆಂದು ಕಟ್ಟಿದ್ದ ಎಳ್ಳುಂಡಿಯನ್ನು ಓಣಿಯ ಮಕ್ಕಳಿಗೆ ಹಂಚಿಬಿಟ್ಟಳು. ಅಪ್ಪ ಮಗ್ಗಕ್ಕೆ ಹೋಗಿ ಕೂತ. ನನಗೆ ಅಪ್ಪನ ಮೇಲೂ ಮಾವನ ಮೇಲೂ ಸಿಟ್ಟು ಬಂತು, ಯಾರ ಮೇಲೆ ಹೆಚ್ಚು ಎಂದು ಮಾತ್ರ ತಿಳಿಯಲಿಲ್ಲ.

ಮುಂದಿನ ವರ್ಷ ಮಿರಗದ, ಅಂದರೆ ಮೃಗಶಿರಾ, ಮಳೆ ಬಂದಂತೆ ಮಾಡಿ ಹೋಯಿತು. ಕಾರಹುಣ್ಣಿಮೆ ಮುಗಿದರೂ ಮೋಡ ಮೇಲಿಂದ ಮೇಲೇ ಹಾಯ್ದುಹೋಗುತ್ತಿತ್ತು. ಎರಡೂರಿನ ಕಣ್ಣೂ ಕಾಲುವೆಯ ಮೇಲೆ ಬಿತ್ತು. ಆಗ ಕೆಳಗಿನೂರಿನ ಸಾಕ್ಷಿಯಾಗಿ ದಿನವೂ ಬರತೊಡಗಿದವನು ಸಿದ್ದಪ್ಪ ಮಾವ. ತಂಗಿಯ ಮನೆಯ ಹಿತ್ತಲಿಗೆ ಬಂದು, ಆಚೆ ದಂಡೆಯಲ್ಲಿ ನಿಂತು, ಅಪ್ಪನ ಮಾತು ಕೇಳಿ ಹೋಗುತ್ತಿದ್ದ. ಒಂದು ದಿನವೂ ಈಚೆ ದಾಟಲಿಲ್ಲ, ಒಂದು ಗುಟುಕು ಮಜ್ಜಿಗೆ ಕುಡಿಯಲಿಲ್ಲ. ನಮ್ಮ ಮನೆಯ ಬೇಟೆನಾಯಿ ಮರಿಯಾಗಿದ್ದಾಗ ಅವನೇ ತಂದುಕೊಟ್ಟದ್ದು. ಅದು ಅವನನ್ನು ಕಂಡೊಡನೆ ಕಾಲುವೆ ಈಸಿ ಹೋಗಿ ಕಾಲಿಗೆ ಮೈ ಉಜ್ಜುತ್ತಿತ್ತು. ಮಾವ ಕಟ್ಟಿದ ಕೈ ಬಿಚ್ಚುತ್ತಿರಲಿಲ್ಲ. ಅವ್ವ ಹಿತ್ತಲ ಬಾಗಿಲ ಸಂದಿಯಿಂದ ಅದನ್ನು ನೋಡಿ ಒಳಗೆ ಬಂದು ಒಲೆಯ ಮುಂದೆ ಕೂರುತ್ತಿದ್ದಳು. ರೊಟ್ಟಿ ಬಡಿಯುವ ಸದ್ದು ಆ ದಿನಗಳಲ್ಲಿ ಬೇರೆಯೇ ಇತ್ತು.

ಒಂದು ಬೆಳಿಗ್ಗೆ ಅಪ್ಪ ಎಂದಿನಂತೆ ಆಣೆ ಹಾಕಿ ಹೇಳಿದ ಮೇಲೆ ಮಾವ ಹೋಗಲಿಲ್ಲ. ನಿಂತಲ್ಲೇ ನಿಂತು ಹೇಳಿದ:

“ಐತಿ. ಕಲ್ಲಿಗೆ ಐತಿ, ನಮ್ಮ ಹೊಲಕ್ಕ ಇಲ್ಲ. ನಿನ್ನ ಕಲ್ಲ ಸುಳ್ಳ ಹೇಳಾಕತ್ತೈತಿ ಮಾಳಪ್ಪ.”

ಮಾಳಪ್ಪ ಎಂದರೆ ನನ್ನ ಅಪ್ಪ. ಅವನು ಬಾಯಿ ತೆರೆಯುವ ಮೊದಲೇ ಆಯಿ ಹಿತ್ತಲಿಗೆ ಬಂದಿದ್ದಳು. ನಮ್ಮೂರಿನ ನಾಲ್ಕೈದು ಗಂಡಸರೂ ಸಲಿಕೆ ಹಿಡಿದು ಬಂದರು, ಆಚೆ ದಂಡೆಗೆ ಕೆಳಗಿನೂರಿನವರು ಬಡಿಗೆ ಹಿಡಿದು ಬಂದರು. ಎಲ್ಲರೂ ಎಲ್ಲಿ ಅಡಗಿ ಕಾಯುತ್ತಿದ್ದರೋ ಏನೋ. ಕಲ್ಲನ್ನು ಸುಳ್ಳೆಂದರೆ ಅಜ್ಜನನ್ನು ಅಂದಂತೆ, ಬೀರಪ್ಪನನ್ನು ಅಂದಂತೆ. ಆಯಿ ಸೆರಗು ಸೊಂಟಕ್ಕೆ ಬಿಗಿದು ಬೀಗರಿಗೆ ಬಾಯಿಗೆ ಬಂದಂತೆ ಬೈದಳು. ಒಂದು ಕಲ್ಲು ತೂರಿ ಬಂದು ನಮ್ಮ ಗಡಿಗೆ ಒಡೆಯಿತು. ಊರಗೌಡ ಮತ್ತು ಕೆಳಗಿನೂರಿನ ಹಿರಿಯರು ನಡುವೆ ಬಂದರು. ಆಗ ನಮ್ಮ ಸೀಮೆಯನ್ನು ಆಳುತ್ತಿದ್ದ ಮುಂಬೈ ಸರ್ಕಾರದ ಓವರ್ಸೀಯರನನ್ನು ಜಮಖಂಡಿಯಿಂದ ಕರೆಸಿ ನೀರು ಅಳೆಸುವುದು, ಅವನು ಹೇಳಿದ್ದಕ್ಕೆ ಎರಡೂರೂ ಕಟ್ಟುಬೀಳುವುದು ಎಂದು ಮಾತಾಯಿತು. ನಮ್ಮವರು ನಗುನಗುತ್ತಲೇ ಒಪ್ಪಿದರು. ಕಲ್ಲು ಕಣ್ಣೆದುರಿಗಿತ್ತು, ನೀರೂ ಕಣ್ಣೆದುರಿಗಿತ್ತು.

ಓವರ್ಸೀಯರ ಬಂದ ದಿನ ನಮ್ಮ ಹಿತ್ತಲಲ್ಲಿ ಕಾಲಿಡಲು ಜಾಗವಿರಲಿಲ್ಲ. ತೆಳ್ಳಗಿನ ಮನುಷ್ಯ, ತಲೆಗೆ ಕರಿ ಟೊಪ್ಪಿಗೆ, ಕಿಸೆಯಲ್ಲಿ ಸರಪಳಿ ಗಡಿಯಾರ. ಅವನು ಕಲ್ಲನ್ನು ಒಮ್ಮೆ ನೋಡಿದ, ಹೌದು ಮೂರು ಗೇಣು ಎಂದು ಒಪ್ಪಿದ. ನಮ್ಮವರ ಎದೆ ಉಬ್ಬಿತು. ಆಮೇಲೆ ಅವನು ಕಾಲುವೆಯ ಅಗಲಕ್ಕೆ ಅಲ್ಲಲ್ಲಿ ಕೋಲು ಇಳಿಸಿ ಆಳ ನೋಡಿದ. ದಂಡೆಯ ಮೇಲೆ ಎರಡು ಗೂಟ ಹೊಡೆಸಿ ಹಗ್ಗ ಎಳೆಸಿದ. ಜೋಳದ ದಂಟು ತರಿಸಿ ಸಿಪ್ಪೆ ಸುಲಿದು, ಒಳಗಿನ ಬೆಂಡನ್ನು ತುಂಡು ಮಾಡಿ, ಒಂದೊಂದನ್ನೇ ಮೇಲಿನ ಗೂಟದ ಹತ್ತಿರ ನೀರಿಗೆ ಬಿಟ್ಟು, ಕೆಳಗಿನ ಗೂಟ ಮುಟ್ಟುವವರೆಗೆ ಗಡಿಯಾರ ನೋಡುತ್ತ ನಿಂತ. ನಾವು ಮಕ್ಕಳು ಬೆಂಡಿನಿಂದ ಗಾಡಿ ಮಾಡಿ ಆಡುತ್ತಿದ್ದೆವು, ಈ ಸಾಹೇಬನೂ ಆಡುತ್ತಿದ್ದಾನೆ ಎಂದು ಜನ ಕಿಸಕ್ಕೆಂದರು. ಅವನು ನಗಲಿಲ್ಲ. ಮತ್ತೆ ಮತ್ತೆ ಬಿಟ್ಟ. ಬೆಂಡು ಸೋಮಾರಿ ಕೋಣದ ಹಾಗೆ ಅಲ್ಲಿ ಇಲ್ಲಿ ನಿಂತು, ಸುತ್ತಿ, ಮೆಲ್ಲಗೆ ಹೋಗುತ್ತಿತ್ತು. ಕೊನೆಗೆ ಅವನು ಅಪ್ಪನ ಕಡೆ ತಿರುಗಿದ:

“ಮಾಳಪ್ಪ, ನಿನ್ನ ಕಲ್ಲು ನೀರು ಎಷ್ಟು ಎತ್ತರ ಅದ ಅಂತ ಹೇಳ್ತದ. ಎಷ್ಟು ಹೊಂಟದ ಅಂತ ಹೇಳೂದಿಲ್ಲ. ಇಲ್ಲಿ ನೀರು ನಿಂತದ, ನಡೀಲಿಕ್ಕತ್ತಿಲ್ಲ. ಕೆಳಗ ಎಲ್ಲೋ ಏನೋ ತಡದದ, ಅದಕ್ಕ ಕಡಿಮಿ ನೀರೂ ಮೂರು ಗೇಣು ಕಾಣ್ತದ.”

ಎರಡೂರಿನ ಗಂಡಸರು ಕಾಲುವೆಗುಂಟ ಹುಡುಕಲು ಹೋದರು. ಬೇಲಿಯ ಹತ್ತಿರ ಬಂದರು, ಎಂದಿನಂತೆ ದಂಡೆ ಹತ್ತಿ, ಸುತ್ತು ಹಾಕಿ, ಆಚೆ ಇಳಿದರು. ಜೇಕಿನ ಹುಲ್ಲು ಕಿತ್ತರು, ಬಿದ್ದ ಕೊಂಬೆ ತೆಗೆದರು. ಕಲ್ಲಿನ ಹತ್ತಿರ ನೀರು ಕದಲಲಿಲ್ಲ. ಓವರ್ಸೀಯರ ಪರವೂರಿನ ಗಂಡಸು, ಅವನು ಹೆಂಗಸರ ಬೇಲಿಯ ಒಳಗೆ ಏನಿದೆ ಎಂದು ಕೇಳುವುದಾದರೂ ಹೇಗೆ? ಇವತ್ತು ಊರಿನ ಚಾವಡಿಯಲ್ಲಿ ಇರುತ್ತೇನೆ, ನಾಳೆ ಬೆಳಿಗ್ಗೆಯವರೆಗೆ ತಡೆ ಸಿಗದಿದ್ದರೆ ಕಲ್ಲಿಗೆ ಮೂರು ಗೇಣು ಇದೆ ಎಂದೇ ಬರೆದು ಹೋಗಬೇಕಾಗುತ್ತದೆ ಎಂದ.

ಸಾಹೇಬ ಬೆಂಡು ಬಿಡುತ್ತಿದ್ದಾಗ ನಾನು ಬೇಲಿಯೊಳಗೆ ಅವ್ವನ ಜೊತೆ ಇದ್ದೆ. ಹೊರಗೆ ಅಷ್ಟು ಜನ ಇದ್ದುದರಿಂದ ಅವಳು ಹಿಂಡಬೇಕಾದ ಸೀರೆ ಹಿಡಿದು ಹಾಸುಗಲ್ಲಿನ ಮೇಲೆಯೇ ನಿಂತುಬಿಟ್ಟಿದ್ದಳು. ಸಾಹೇಬ ಬಿಟ್ಟ ಬೆಂಡುಗಳು ಬೇಲಿಯ ಬುಡದಿಂದ ನುಸುಳಿ ನಮ್ಮ ಕಡೆ ಬರತೊಡಗಿದವು. ಹಾಸುಗಲ್ಲಿನವರೆಗೆ ನಿದ್ದೆಗಣ್ಣಲ್ಲಿ ಬಂದಂತೆ ಬಂದು, ಅವ್ವನ ಕಾಲ ಹತ್ತಿರ ಬಂದೊಡನೆ ಸರ್ರನೆ ಕಲ್ಲು ದಾಟಿ, ಆಚೆಗೆ ಧುಮುಕಿ ಓಡಿಹೋಗುತ್ತಿದ್ದವು. ನಾನು ಒಂದನ್ನು ಹಿಡಿಯಲು ಬಾಗಿದೆ. ಅವ್ವ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು. ಇನ್ನೊಂದು ಬಂತು, ಅದೂ ಹಾಗೆಯೇ ಮಾಡಿತು. ಅವ್ವ ಕಲ್ಲಿನ ಮೇಲಿನ ನೀರು ನೋಡಿದಳು, ಕೆಳಗಿನ ನೀರು ನೋಡಿದಳು, ಆಮೇಲೆ ತನ್ನ ಕಾಲು ನೋಡಿಕೊಂಡಳು.

ಮಧ್ಯಾಹ್ನ ಅಪ್ಪ ಉಣ್ಣಲು ಕೂತ. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಅವ್ವ ಎರಡನೆಯ ರೊಟ್ಟಿ ಹಾಕಿ, ಒಲೆಯ ಕಡೆ ಮುಖ ಮಾಡಿ ಹೇಳಿದಳು:

“ಒಗಿಯೂ ಕಲ್ಲ ಅದಾವಲ್ರಿ. ಅವ ತಡದಾವು.”

ಅಪ್ಪನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಅವಳು ಕಂಡದ್ದನ್ನು ಕಂಡಷ್ಟೇ ಹೇಳಿದಳು. ಅಪ್ಪ ಕೇಳುತ್ತ ಹೋದಂತೆ ಅವನ ಕಣ್ಣು ಹಿಂದೆ ಹಿಂದೆ ಹೋಗುತ್ತಿರುವುದು ನನಗೇ ಕಾಣುತ್ತಿತ್ತು. ಕಲ್ಲು ಹಾಸಿದ ವರ್ಷ, ಕಲ್ಲಿಗೆ ನೀರು ಏರಿದ ವರ್ಷ, ಅವ್ವ ಬಂದ ವರ್ಷ, ಎಲ್ಲ ಒಂದೇ. ಪಡಸಾಲೆಯಲ್ಲಿ ಆಯಿಯ ಕದರು ಸುಮ್ಮನಾಯಿತು. ಅವಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಸಿಟ್ಟು ಮಾಡಲಿಲ್ಲ. ಅವಳು ಸಿಟ್ಟು ಮಾಡದಿದ್ದಾಗಲೇ ನನಗೆ ಹೆದರಿಕೆ. ಗಂಡಸರು ಆ ಬೇಲಿಯೊಳಗೆ ಬರುವುದಿಲ್ಲ, ಬಂದ ಸಾಹೇಬ ನಾಳೆ ಹೋಗುತ್ತಾನೆ, ಮನೆಯ ಮಾತು ಮನೆಯಲ್ಲಿದ್ದರೆ ಕಲ್ಲು ಉಳಿಯುತ್ತದೆ ಎಂದಳು. ಈ ಹತ್ತು ವರ್ಷ ನಮ್ಮೂರು ಉಂಡದ್ದು ಬೀಗರ ಪಾಲಿನ ನೀರು ಎಂದು ತಿಳಿದರೆ ಎರಡೂರಿನವರೂ ಉಗುಳುವುದು ಒಂದೇ ಮನೆಗೆ ಎಂದಳು. ಸುಳ್ಳಲ್ಲ, ಅವಳು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ಅಪ್ಪ ಆಯಿಯನ್ನು ಕೇಳಿದ:

“ಹಂಗಾರ ನಾ ಇಷ್ಟ ವರ್ಷ ಬೀರಪ್ಪನ ಮ್ಯಾಲ ಸುಳ್ಳ ಆಣಿ ಹಾಕೀನೇನಬೇ ಯವ್ವಾ?”

“ನೀ ಕಂಡದ್ದ ಹೇಳಿದಿ. ಅದು ಸುಳ್ಳಲ್ಲ.”

ಒಲೆಯ ಮುಂದಿನಿಂದ ಅವ್ವ ಹೇಳಿದಳು:

“ನಾಳಿ ಹೇಳಿದ್ರ ಸುಳ್ಳ ಆಗತೈತ್ರಿ.”

ಅತ್ತೆಯ ಎದುರಿಗೆ ಗಂಡನಿಗೆ ಅವ್ವ ಹೀಗೆ ಮಾತು ಸೇರಿಸಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಆಯಿ ಅವಳನ್ನು ದಿಟ್ಟಿಸಿ, ನಿನ್ನ ಕಾಲ್ಗುಣವೂ ಹೋಗುತ್ತದೆ, ಗೊತ್ತೇನು ಎಂದು ಕೇಳಿದಳು. ಅವ್ವ ಹೂಂ ಎಂದಳು. ಅಪ್ಪನ ಕಡೆ ತಿರುಗಿ, ನಾನು ಹೇಳುವುದನ್ನು ಹೇಳಿದೆ, ಕಲ್ಲು ನಿಮ್ಮದು, ತವರು ನನ್ನದು ಎಂದು ಎದ್ದು ಹೋದಳು. ಅಪ್ಪ ಕೈತೊಳೆದ. ಅರ್ಧ ತಿಂದ ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ಆ ಸಂಜೆಯೆಲ್ಲ ಅವನು ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತು ಕಂಬಳಿ ನೇಯ್ದ. ನೇಯ್ದದ್ದಕ್ಕಿಂತ ಬಿಚ್ಚಿದ್ದು ಹೆಚ್ಚು. ಅವನು ಏನು ಮಾಡುತ್ತಾನೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ನಾನು ಮಾತ್ರ ಬೀರಪ್ಪನಿಗೆ ಎರಡು ಹರಕೆ ಹೊತ್ತೆ: ಒಂದು ಅವನು ಹೇಳಲಿ ಎಂದು, ಇನ್ನೊಂದು ಹೇಳದಿರಲಿ ಎಂದು. ಗೇಣಗಲ್ಲಿನವರ ಮಗಳು ಎನ್ನಿಸಿಕೊಳ್ಳುವುದನ್ನು ಬಿಡಲು ನನಗೆ ಮನಸ್ಸಿರಲಿಲ್ಲ.

ಬೆಳಗಾಯಿತು. ಜನ ನೆರೆದರು. ಓವರ್ಸೀಯರ ಗಡಿಯಾರ ಕಿಸೆಗೆ ಹಾಕಿಕೊಂಡು ಸೈಕಲ್ಲಿನ ಹತ್ತಿರ ನಿಂತಿದ್ದ. ಮಾವ ಆಚೆ ದಂಡೆಯಲ್ಲಿ ಕೈಕಟ್ಟಿ ನಿಂತಿದ್ದ. ಅಪ್ಪ ಮೈತೊಳೆದು ಭಂಡಾರದ ಚೀಲ ಹಿಡಿದು ಬಂದ, ಕಲ್ಲು ನೋಡಿದ, ನೆತ್ತಿಗೆ ಭಂಡಾರ ಹಚ್ಚಿದ. ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. ‘ಬೀರಪ್ಪನಾಣಿ’ ಎಂದ, ಮುಂದಿನ ಮಾತು ಹೊರಡಲಿಲ್ಲ. ಗೋಡೆಗೆ ಒರಗಿಸಿದ್ದ ಹಾರೆ ತೆಗೆದುಕೊಂಡು ಬೇಲಿಯ ಕಡೆ ನಡೆದ. ಹಿಂದಿನಿಂದ ಯಾರೋ, ಅದು ಹೆಂಗಸರ ಜಾಗ ಎಂದು ಎಚ್ಚರಿಸಿದರು. ಒಳಗಿನಿಂದ ಅವ್ವ ತಟ್ಟಿ ಎತ್ತಿ ಪಕ್ಕಕ್ಕೆ ಇಟ್ಟಳು, ತಲೆಯ ಮೇಲೆ ಸೆರಗು ಎಳೆದುಕೊಂಡು ನನ್ನ ಕೈ ಹಿಡಿದು ಹೊರಗೆ ಬಂದು ನಿಂತಳು. ಅಪ್ಪ ನೀರಿಗಿಳಿದು ಮೇಲಿನ ಹಾಸುಗಲ್ಲಿನ ಬುಡಕ್ಕೆ ಹಾರೆ ಹಾಕಿ ಮೀಟಿದ. ಕಲ್ಲಿಗೆ ಪಾಚಿ ಹಿಡಿದು ಕೂತುಬಿಟ್ಟಿತ್ತು, ಒಬ್ಬನಿಗೆ ಏಳುವಂಥದಲ್ಲ. ನಮ್ಮೂರಿನವರು ಕದಲಲಿಲ್ಲ. ಕಲ್ಲು ಎದ್ದರೆ ತಮ್ಮ ತೂಬು ಮುಚ್ಚಬೇಕಾಗುತ್ತದೆ ಎಂದು ಅವರಿಗೆ ಅಷ್ಟರಲ್ಲಿ ತಿಳಿದುಹೋಗಿತ್ತು. ಅಪ್ಪ ಎರಡು ಸಲ ಜಾರಿ ಬಿದ್ದ. ಮೂರನೆಯ ಸಲ ಮಾವ ಧೋತರ ಎತ್ತಿ ಕಟ್ಟಿ ನೀರಿಗಿಳಿದು ಇನ್ನೊಂದು ತುದಿಗೆ ಭುಜ ಕೊಟ್ಟ. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

ಕೊನೆಯ ಕಲ್ಲು ಎದ್ದೊಡನೆ ನೀರು ಒಮ್ಮೆಲೇ ಹೊರಟಿತು. ತಳದ ಹೂಳು ಎದ್ದು ಕಾಲುವೆ ಕೆಂಪಾಯಿತು. ಗೇಣಗಲ್ಲಿನ ಹತ್ತಿರ ನೀರು ನೋಡನೋಡುತ್ತಿದ್ದಂತೆ ಇಳಿಯಿತು. ಮೂರನೆಯ ಗೆರೆ ಬಿಟ್ಟಿತು, ಎರಡನೆಯದನ್ನೂ ಬಿಟ್ಟು ಕೆಳಗೆ ಹೋಗಿ ನಿಂತಿತು. ಮೇಲೆ ಯಾರೂ ಒಂದು ತೂಬು ತೆರೆದಿರಲಿಲ್ಲ, ಮುಚ್ಚಿರಲಿಲ್ಲ. ಅಪ್ಪ ನೀರಿನಲ್ಲೇ ನಿಂತು, ಕೈಮುಗಿದು, ಎಂದಿನ ಗಟ್ಟಿ ದನಿಯಲ್ಲೇ ಹೇಳಿದ:

“ಬೀರಪ್ಪನಾಣಿ, ಎರಡ ಗೇಣೂ ಇಲ್ಲ. ಕಲ್ಲ ಹಾಸಿದಾಂವ ನಾನ. ತೂಬ ಮುಚ್ಚರಿ.”

ಊರಗೌಡ ಅವನ ಕಡೆ ನೋಡದೆ, ಹೆಂಡತಿಯ ತವರಿಗೆ ನೀರು ಹೊತ್ತು ಹಾಕಿದ ಎಂದು ಹೇಳಿ ಹೊರಟುಹೋದ. ತೂಬುಗಳು ಮುಚ್ಚಿದವು. ಓವರ್ಸೀಯರ ಕೆಲವು ದಿನ ಬಿಟ್ಟು ಬಂದು, ನಡುವೆ ಚೌಕ ಕೊರೆದ ದಪ್ಪ ಹಲಗೆಯೊಂದನ್ನು ಕಾಲುವೆಗೆ ಅಡ್ಡ ಕೂರಿಸಿದ. ಆ ಚೌಕದಿಂದ ನೀರು ಆಚೆಗೆ ಬೀಳುವಾಗ ಅದರ ಎತ್ತರ ನೋಡಿ ಎಷ್ಟು ಹೋಗುತ್ತಿದೆ ಎಂದು ಲೆಕ್ಕ ಹಾಕುವುದು. ಅದನ್ನು ನೋಡಲು ಆಣೆ ಬೇಕಾಗಿರಲಿಲ್ಲ, ನಾವೂ ಬೇಕಾಗಿರಲಿಲ್ಲ. ಇವತ್ತಿಗೂ ಯಾರಾದರೂ ಅಜ್ಜನ ಕಾಲದಿಂದ ಹೀಗೇ ಇದೆ ಎಂದು ಎದೆ ತಟ್ಟಿಕೊಂಡರೆ ನನ್ನ ಕಣ್ಣು ಅವರ ಹಿತ್ತಲ ಕಡೆ ಹೋಗುತ್ತದೆ. ಬೇಡವೆಂದರೂ ಹೋಗುತ್ತದೆ.

ಊರು ನಮ್ಮನ್ನು ಹೊರಗೆ ಹಾಕಲಿಲ್ಲ, ಹೊರಗೆ ಹಾಕುವುದಕ್ಕಿಂತ ಚೆಂದಾಗಿ ಮಾಡಿತು. ಅಪ್ಪ ಕಟ್ಟೆಯ ಮೇಲೆ ಹೋಗಿ ಕೂತರೆ ಒಬ್ಬೊಬ್ಬರೇ ಕೆಲಸ ನೆನಪಾಗಿ ಏಳುತ್ತಿದ್ದರು. ನಮ್ಮ ಕುರಿಗಳನ್ನು ತಮ್ಮ ಹಿಂಡಿನ ಜೊತೆ ಗಲಗಲಿಯ ಹೊಳೆದಂಡೆಗೆ ಹೊಡೆದುಕೊಂಡು ಹೋಗುತ್ತಿದ್ದವರು ಆ ವರ್ಷ ನಮ್ಮವನ್ನು ಬಿಟ್ಟು ಹೋದರು. ಓಣಿಯ ಹೆಂಗಸರು ಅವ್ವ ಕೇಳುವಂತೆ, ಅದು ಕಾಲ್ಗುಣ ಅಲ್ಲಬೇ, ಕಲ್ಲಗುಣ ಎಂದು ನಗುತ್ತಿದ್ದರು. ಮುತ್ತೈದೆ ಊಟಕ್ಕೆ ಅವಳನ್ನು ಕರೆಯುವುದು ನಿಂತಿತು. ಅವಳು ಮತ್ತೆ ಗಂಟು ಹೊತ್ತು ಹಳ್ಳಕ್ಕೆ ಹೋಗತೊಡಗಿದಳು. ಎಲ್ಲಕ್ಕಿಂತ ಕೆಟ್ಟದ್ದು ಆಯಿಯ ಮೌನ. ಅವಳು ಸೊಸೆಗೆ ಬೇಕಾದಷ್ಟು ಬೈದಳು, ನನಗೂ ಬೈದಳು. ಮಗನಿಗೆ ಮಾತ್ರ ಒಂದು ಮಾತೂ ಇಲ್ಲ. ಅಪ್ಪ ಯವ್ವಾ ಎಂದರೆ ಕದರು ತಿರುಗಿಸುತ್ತಿದ್ದಳು. ಅವನು ಉಣ್ಣುವ ಹೊತ್ತಿಗೆ ಎದ್ದು ದನದ ಹತ್ತಿರ ಹೋಗುತ್ತಿದ್ದಳು. ಅಪ್ಪ ದಿನದಿನಕ್ಕೆ ಸಣ್ಣವನಾಗುತ್ತಿದ್ದ. ಬೆಳಿಗ್ಗೆ ಎದ್ದು ಮೈತೊಳೆದು, ಎಲ್ಲಿಗೂ ಹೋಗುವುದಿಲ್ಲವೆಂದು ನೆನಪಾಗಿ, ಹಿತ್ತಲ ಬಾಗಿಲಲ್ಲೇ ನಿಲ್ಲುತ್ತಿದ್ದ. ಅದನ್ನು ನೋಡಿ ನಾನು ಒಬ್ಬಳೇ ಅತ್ತಿದ್ದೇನೆ.

ಪಂಚಮಿ ಬಂತು. ಹಿಂದಿನ ದಿನ ಹೊತ್ತು ಇಳಿಯುವ ಮೊದಲು ಕೆಳಗಿನೂರಿನ ದಾರಿಯಲ್ಲಿ ಗೆಜ್ಜೆ ಕೇಳಿಸಿತು. ಸಿದ್ದಪ್ಪ ಮಾವ ಸವಾರಿ ಗಾಡಿ ಕಟ್ಟಿ, ಎತ್ತುಗಳ ಕೋಡಿಗೆ ಬಣ್ಣ ಹಚ್ಚಿ, ಒಳಗೆ ಜಮಖಾನ ಹಾಸಿ ತಂದಿದ್ದ. ಓಣಿಯವರೆಲ್ಲ ಬಾಗಿಲಿಗೆ ಬಂದರು. ಮಾವ ಗಾಡಿಯಿಂದ ಇಳಿಯದೆ, ನೊಗದ ಹತ್ತಿರ ಕೂತೇ, ತಂಗೀ ಹೊರಡು ಎಂದು ಕರೆದ. ನಾನು ಕುಣಿದಾಡಿದೆ. ಅವ್ವ ಹೊಸ್ತಿಲ ಮೇಲೆ ಬಂದು ನಿಂತಳು. ಗಂಟು ಕಟ್ಟಿರಲಿಲ್ಲ, ತಲೆ ಬಾಚಿರಲಿಲ್ಲ. ಹೋದ ಪಂಚಮಿಯಿಂದ ಅವಳು ಕಾದ ಗಾಡಿ ಅದು. ಅದರ ಗಾಲಿಯಿಂದ ಎತ್ತಿನ ಕೋಡಿನವರೆಗೆ ಕಣ್ಣಾಡಿಸಿದಳು. ಆಮೇಲೆ ಹೇಳಿದಳು:

“ನಾ ಬರೂದಿಲ್ಲ ಅಣ್ಣಾ. ಈ ಮನಿಯಾಗ ಅವರನ ಮಾತಾಡಸವ್ರು ನಾ ಒಬ್ಬಾಕಿ ಉಳದೀನಿ. ನಾನೂ ಬಂದ್ರ ಅವರು ಖರೇನ ಒಬ್ಬರ ಆಗತಾರ.”

ಪಡಸಾಲೆಯಲ್ಲಿ ಅಪ್ಪ ತಲೆ ತಗ್ಗಿಸಿದ. ಆಯಿ ಕದರು ಹಿಡಿದು ಕಂಬಕ್ಕೆ ಒರಗಿದ್ದಳು. ಕರೆಯಲು ಬಂದ ಅಣ್ಣ ಬರಿಗಾಡಿ ಹೊಡೆದುಕೊಂಡು ಹೋದರೆ ಅವನೂರಿನಲ್ಲಿ ಅವನ ಮುಖ ಏನಾಗಬೇಕು? ಮಾವ ಗಾಡಿಯಿಂದ ಇಳಿದ. ನೊಗ ಇಳಿಸಿ ಎತ್ತು ಬಿಚ್ಚಿದ, ನಮ್ಮ ಬೇವಿನಗಿಡಕ್ಕೆ ಕಟ್ಟಿದ. ಚಪ್ಪಲಿ ಬಿಟ್ಟು ಬಾಗಿಲ ಮುಂದೆ ಬಂದು ಸುಮ್ಮನೆ ನಿಂತ. ಒಳಗೆ ಬಾ ಎನ್ನುವ ಹಕ್ಕು ಮನೆಯ ಹಿರಿಯಳದು. ಅವ್ವ ಅನ್ನುವಂತಿಲ್ಲ, ಅಪ್ಪನಿಗೆ ಧೈರ್ಯವಿಲ್ಲ. ಓಣಿಯ ಇಷ್ಟು ಜನ ನೋಡುತ್ತಿದ್ದಾರೆ.

ಆಯಿ ಕದರು ಕೆಳಗಿಟ್ಟಳು. ನೂಲು ಕೊಡವಿಕೊಂಡಳು. ಅಪ್ಪನ ಕಡೆ ತಿರುಗಿ, ಅಷ್ಟು ದಿನಗಳಲ್ಲಿ ಮೊದಲ ಸಲ, ಅವನ ಹೆಸರು ಹಿಡಿದು ಕರೆದಳು:

“ಮಾಳ್ಯಾ, ಬೀಗರು ಬಾಗಲದಾಗ ನಿಂತಾರ. ನೀರ ಕೊಡ.”

ಅಪ್ಪ ಎದ್ದು ಹೋಗಿ ತಂಬಿಗೆ ತುಂಬಿಕೊಂಡು ಬಂದ. ಅಂಚಿನವರೆಗೆ ತುಂಬಿಸಿದ್ದ, ಪಡಸಾಲೆಯಿಂದ ಬಾಗಿಲವರೆಗೆ ನೆಲವೆಲ್ಲ ಚೆಲ್ಲಿತು. ಆಯಿ ಅದಕ್ಕೂ ಅವನಿಗೆ ಬೈದಳು.